ಹಿಂಗಾಲಿನ ಲೆಕ್ಕ: ಊಟದ ಕುರ್ಚಿ ಅಲ್ಲಾಡುವುದು ಯಾಕೆ?

ನಮ್ಮ ಮನೆಗೆ ಊಟದ ಟೇಬಲ್ ಬಂದು ಆರು ವರ್ಷವಾಯಿತು. ಅದರ ಜೊತೆ ಬಂದ ನಾಲ್ಕು ಕುರ್ಚಿಗಳಲ್ಲಿ ಈಗ ಉಳಿದಿರುವುದು ಒಂದೂವರೆ. ಒಂದರ ಮೇಲೆ ಕೂರಬಹುದು. ಇನ್ನೊಂದರ ಮೇಲೆ ಒಗೆದ ಬಟ್ಟೆ ಇಡಬಹುದು, ಮನುಷ್ಯರು ಕೂರುವ ಹಾಗಿಲ್ಲ. ತುಮಕೂರಿನ ಅಂಗಡಿಯೊಂದರಲ್ಲಿ "ಗಟ್ಟಿ ತೇಗ ಸಾರ್" ಅಂತ ಹೇಳಿ ಕೊಟ್ಟಿದ್ದರು. ತೇಗ ಅನ್ನೋದೇನೋ ನಿಜವೇ. ಆದರೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆನ್ನು ಅಲ್ಲಾಡೋಕೆ ಶುರುವಾಯಿತು.

ಕೆಟ್ಟ ಕುರ್ಚಿಗಳಲ್ಲಿ ಒಂದನ್ನು ಸ್ಕೂಟರ್ ಹಿಂದೆ ಕಟ್ಟಿಕೊಂಡು ಗುಬ್ಬಿ ಕಡೆಯ ಒಬ್ಬ ಆಚಾರಿಯ ಹತ್ತಿರ ಹೋದೆ. ಬಾಗಿಲು, ಕಿಟಕಿ, ಹಿಂದೊಮ್ಮೆ ಎತ್ತಿನಗಾಡಿಯ ಗಾಲಿ, ಎಲ್ಲ ಮಾಡಿದ ಕೈ ಅದು. ಅವರು ಕುರ್ಚಿಯನ್ನು ತಲೆಕೆಳಗು ಮಾಡಿದರು. ಹಿಂಗಾಲು ಹಿಡಿದು ಒಂದು ಸಲ ಜಗ್ಗಿದರು. ಕಾಲು ಕಿತ್ತು ಕೈಗೇ ಬಂತು. ಒಳಗೆ ಎರಡು ಗುಂಡು ಕಡ್ಡಿ, ಒಣಗಿ ಪುಡಿಯಾದ ಅಂಟು, ಒಂದು ಸ್ಕ್ರೂ. "ಇದು ಕುರ್ಚಿಯಲ್ಲ, ಕುರ್ಚಿಯ ಫೋಟೋ" ಅಂದರು.

ಮಂಚ ಮಾಡಿದವರೆಲ್ಲ ಕುರ್ಚಿ ಮಾಡಲಾರರು ಅನ್ನುವುದು ಅವರ ಮಾತು. ಯೋಚಿಸಿದರೆ ಸರಿ ಅನ್ನಿಸುತ್ತದೆ. ಮಂಚ, ಬೀರು ಇಟ್ಟ ಜಾಗದಲ್ಲೇ ಇರುತ್ತವೆ. ಭಾರ ನೆಟ್ಟಗೆ ಕೆಳಗೆ ಇಳಿಯುತ್ತದೆ. ಮೂಲೆಗಳೆಲ್ಲ ನೇರ. ಕುರ್ಚಿಯನ್ನು ದಿನಕ್ಕೆ ಹತ್ತು ಸಲ ಎಳೆಯುತ್ತೇವೆ, ತಳ್ಳುತ್ತೇವೆ. ಎಪ್ಪತ್ತು ಕಿಲೋ ಮನುಷ್ಯ ಧೊಪ್ಪನೆ ಕೂರುತ್ತಾನೆ. ಊಟ ಮುಗಿದ ಮೇಲೆ ಮಾತಿಗೆ ಕೂತು, ಹಿಂದಕ್ಕೆ ವಾಲಿ, ಎರಡೇ ಕಾಲಿನ ಮೇಲೆ ತೂಗಾಡುತ್ತಾನೆ. ಇಷ್ಟನ್ನೂ ತಡೆಯುವ ವಸ್ತು ಆರೇಳು ಕಿಲೋಗಿಂತ ಜಾಸ್ತಿ ತೂಗಬಾರದು. ತೂಗಿದರೆ ಎಳೆಯುವಾಗ ಮನೆಯವರ ಬೈಗುಳ ಗ್ಯಾರಂಟಿ.

ಬಂಡೆ ಎಬ್ಬಿಸುವ ಹಾರೆ ನೋಡಿದ್ದೀರಲ್ಲ? ಉದ್ದದ ತುದಿಯನ್ನು ಸ್ವಲ್ಪ ಒತ್ತಿದರೆ ಗಿಡ್ಡ ತುದಿಯಲ್ಲಿ ಕಲ್ಲೇ ಏಳುತ್ತದೆ. ಕುರ್ಚಿಯ ಬೆನ್ನೂ ಅಂಥದ್ದೇ ಒಂದು ಹಾರೆ. ಸೀಟಿನಿಂದ 20 ಇಂಚು ಮೇಲೆ ನೀವು ಒರಗಿ 20 ಕಿಲೋ ಭಾರ ಹಾಕಿದಿರಿ ಅನ್ನಿ. ಎರಡು ಹಿಂಗಾಲಿಗೆ ಹಂಚಿದರೆ ತಲಾ 10 ಕಿಲೋ. ಅದನ್ನು ತಡೆಯಬೇಕಾದದ್ದು ಹಿಂಗಾಲಿಗೆ ಸೀಟಿನ ಕೆಳಗಿನ ಪಕ್ಕದ ಪಟ್ಟಿ ಬಂದು ಸೇರುವ ಸಂದು. ಆ ಸಂದಿನ ಎತ್ತರ ಸುಮಾರು 2 ಇಂಚು. ಹತ್ತನ್ನು ಇಪ್ಪತ್ತರಿಂದ ಗುಣಿಸಿ ಎರಡರಿಂದ ಭಾಗಿಸಿ. ಸಂದಿನ ಮೇಲಂಚಿನಲ್ಲಿ 100 ಕಿಲೋ ಎಳೆತ! ಇದು ಬಾಯಿಲೆಕ್ಕ, ಇಂಜಿನಿಯರುಗಳು ಇನ್ನೂ ನಯವಾಗಿ ಮಾಡುತ್ತಾರೆ. ಆದರೆ ವಿಷಯ ಗೊತ್ತಾಗಲು ಇಷ್ಟು ಸಾಕು.

ಇದೇ ಲೆಕ್ಕದಲ್ಲಿ ಪಟ್ಟಿಯನ್ನು 3 ಇಂಚು ಎತ್ತರ ಮಾಡಿದರೆ 100 ಕಿಲೋ ಹೋಗಿ 67 ಆಗುತ್ತದೆ. ಮೊಣಕಾಲಿನ ಕೆಳಗೆ ಕಾಲಿನಿಂದ ಕಾಲಿಗೆ ಒಂದು ಅಡ್ಡಪಟ್ಟಿ ಕೊಟ್ಟರೆ ಅದೂ ಹೆಗಲು ಕೊಡುತ್ತದೆ. ನಮ್ಮ ಅಂಗಡಿ ಕುರ್ಚಿಯ ಪಟ್ಟಿ ಒಂದೂಮುಕ್ಕಾಲು ಇಂಚು. ಅಡ್ಡಪಟ್ಟಿ ಇಲ್ಲವೇ ಇಲ್ಲ. 'ಕ್ಲೀನ್ ಲುಕ್' ಅಂತ ಮೆಚ್ಚಿ ತಂದವನು ನಾನೇ.

ಒಳ್ಳೆಯ ಕುರ್ಚಿಯ ವಿನ್ಯಾಸ, ಮರದ ಆಯ್ಕೆ, ಒಣಗಿಸುವುದು, ಅಂಟು, ಮೊಳೆ, ಎಲ್ಲವೂ ಕಡೆಗೆ ಈ ಎರಡು ಸಂದುಗಳನ್ನು ಕಾಯುವ ಕೆಲಸವೇ.

ದೊಡ್ಡ ದೊಡ್ಡ ವಿನ್ಯಾಸಕಾರರು ಕೂಡ ಇದೇ ಜಾಗದಲ್ಲಿ ತಲೆ ಕೆಡಿಸಿಕೊಂಡಿದ್ದಾರೆ. ಜರ್ಮನ್-ಆಸ್ಟ್ರಿಯನ್ ಕುರ್ಚಿ ತಯಾರಕ ಮೈಕೇಲ್ ಥೊನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯಲ್ಲಿ ಬೆನ್ನು ಮತ್ತು ಎರಡೂ ಹಿಂಗಾಲು ಸೇರಿ ಒಂದೇ ಕೋಲು. ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿದ್ದು. ಇಡೀ ಕುರ್ಚಿಗೆ ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ನಮ್ಮ ಚಂಡೀಗಢದ ಕಚೇರಿಗಳಿಗೆ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜೆನ್ನರೆ ಮಾಡಿಸಿದ ತೇಗದ ಕುರ್ಚಿಯಲ್ಲಿ ದಾರಿ ಬೇರೆ. ಪಕ್ಕದ ಕಾಲುಗಳು ತಲೆಕೆಳಗಾದ 'ವಿ' ಆಕಾರ. ಚೌಕವನ್ನು ತಳ್ಳಿದರೆ ವಾಲುತ್ತದೆ, ತ್ರಿಕೋನ ವಾಲಲ್ಲ. ಆ ಕುರ್ಚಿಗಳನ್ನು ಆಮೇಲೆ ಹಳೇ ಸಾಮಾನು ಅಂತ ಮಾರಿದರು. ಈಗ ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಹೋಗುತ್ತಿವೆ. ಅದು ಬೇರೆಯೇ ಕಥೆ, ಬಿಡಿ.

ಹೊಸ ಕುರ್ಚಿಯನ್ನು ಆಚಾರಿಯ ಕೈಲೇ ಮಾಡಿಸೋಣ ಅಂತ ತೀರ್ಮಾನಿಸಿದೆವು. ಇನ್ನು ಅಳತೆ. ಅದಕ್ಕೂ ಮುಂಚೆ ಒಂದು ತಕರಾರು. ಕುರ್ಚಿಯ ಅಳತೆಗಳನ್ನು ಬರೆದವರು ಚಮಚ, ಫೋರ್ಕ್ ಹಿಡಿದು ನೆಟ್ಟಗೆ ಕೂರುವವರು. ನಾವು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುವವರು. ಒಂದು ಹನಿ ಸಾರೂ ಬೀಳದ ಹಾಗೆ ತಟ್ಟೆಯ ಕಡೆಗೆ ಬಾಗುತ್ತೇವೆ. ನೆಲದ ಮೇಲೆ ಮಣೆ ಹಾಕಿಕೊಂಡು ಉಂಡು ಬೆಳೆದವರ ಕಾಲು ಕುರ್ಚಿಯಲ್ಲಿ ಸುಮ್ನೆ ಕೆಳಗಿರುವುದೂ ಇಲ್ಲ. ನಮ್ಮಮ್ಮ ಕೂತ ಐದು ನಿಮಿಷಕ್ಕೆ ಒಂದು ಕಾಲು ಮೇಲೆ ಬಂದಿರುತ್ತದೆ. ಹತ್ತು ನಿಮಿಷಕ್ಕೆ ಎರಡೂ ಮೇಲೆ, ಚಕ್ಕಳಮಕ್ಕಳ. ಆಗ ಭಾರವೆಲ್ಲ ಸೀಟಿನ ಮುಂದಿನ ಮೂಲೆಗಳಿಗೆ ಬೀಳುತ್ತದೆ. ಏಳುವಾಗ ಒಂದು ಪಕ್ಕಕ್ಕೆ ಕೈ ಊರುತ್ತಾರೆ, ಕುರ್ಚಿ ಅಡ್ಡಕ್ಕೂ ಎಳೆದಾಡಿಸಿಕೊಳ್ಳುತ್ತದೆ. ಇದನ್ನು ಕೆಟ್ಟ ಅಭ್ಯಾಸ ಅನ್ನಬೇಕಾಗಿಲ್ಲ. ಕೂರುವವರು ಹೇಗೆ ಕೂರುತ್ತಾರೋ ಕುರ್ಚಿ ಹಾಗೆ ಆಗಬೇಕು, ಅಲ್ವಾ?

ಅದಕ್ಕೇ ನಾವು ಕುರ್ಚಿಗೆ ಎರಡು ಪಕ್ಕದ ಕೈಗಳು ಬೇಡ ಅಂದೆವು. ಸೀಟಿನ ಮುಂಭಾಗ 18 ಇಂಚು ಸಾಕು ಅನ್ನುವುದು ವಾಡಿಕೆ, ನಾವು 20 ಇಟ್ಟೆವು. ಹಿಂಭಾಗ 16. ಆಳ 16 ಇಂಚು. ಆಳ ಇದಕ್ಕಿಂತ ಜಾಸ್ತಿಯಾದರೆ ಕುಳ್ಳಗಿರುವವರ ಬೆನ್ನು ಒರಗಿಗೆ ತಾಗುವುದೇ ಇಲ್ಲ, ಅರ್ಧ ಸೀಟಿನ ಮೇಲೆ ಕೂತು ಉಣ್ಣುತ್ತಾರೆ. ಎತ್ತರ 17 ಇಂಚು. 18ರ ಮೇಲೆ ಹೋದರೆ ಸೀಟಿನ ಅಂಚು ಮೊಣಕಾಲಿನ ಹಿಂದೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಟೇಬಲ್ ಸಾಮಾನ್ಯವಾಗಿ 29ರಿಂದ 30 ಇಂಚು ಇರುತ್ತದೆ. ಸೀಟಿಗೂ ಟೇಬಲ್ ಹಲಗೆಗೂ ನಡುವೆ 11–12 ಇಂಚು ಬೇಕು. ನಮ್ಮ ಟೇಬಲ್ 29, ಸರಿಹೋಯಿತು. ಬೆನ್ನು 6 ಡಿಗ್ರಿ ಮಾತ್ರ ಹಿಂದಕ್ಕೆ. ಪೇಪರ್ ಓದುವ ಆರಾಮ ಕುರ್ಚಿಗೆ 15 ಡಿಗ್ರಿ ಇರಲಿ, ಊಟಕ್ಕೆ ಬೇಡ. ಸೀಟು ಹಿಂದಕ್ಕೆ ಅರ್ಧ ಇಂಚು ಇಳಿಜಾರು. ಸೊಂಟಕ್ಕೆ ಆಸರೆ ಸಿಗುವುದು ಸೀಟಿನಿಂದ 7–9 ಇಂಚು ಮೇಲೆ, ಬೆನ್ನಿನ ಪಟ್ಟಿಗಳ ಉಬ್ಬು ಅಲ್ಲಿಗೆ ಬರಬೇಕು.

ಮರ ಯಾವುದು? ನಮ್ಮದು ಬಯಲುಸೀಮೆ, ಹೊನ್ನೆ ಬೀಟೆ ಹಿತ್ತಲಲ್ಲಿ ಬೆಳೆಯುವ ಜಾಗವಲ್ಲ. ಆದರೆ ಹಲಸಿದೆ. ಗುಬ್ಬಿ ತಾಲೂಕಿನ ಚೇಳೂರಿನ ಹಲಸಿನ ಹೆಸರು ಕೇಳಿರುತ್ತೀರಿ, ಕೆಂಪು ತೊಳೆಯ 'ಸಿದ್ದು' ತಳಿ ಅಲ್ಲಿಯದೇ. ಹಣ್ಣಿನ ಗಲಾಟೆಯಲ್ಲಿ ಅದರ ಮರವನ್ನು ಜನ ಮರೆತುಬಿಟ್ಟಿದ್ದಾರೆ. ದೊಡ್ಡಬಳ್ಳಾಪುರ ತಾಲೂಕಿನ ಸಿಂಪಾಡಿಪುರದಲ್ಲಿ ವೀಣೆ ಕೆತ್ತುವುದು ಹಲಸಿನ ಮರದಲ್ಲೇ. ಹೊಸದಾಗಿ ಕೊಯ್ದಾಗ ಅರಿಶಿನದ ಬಣ್ಣ, ಗರಗಸದ ಪುಡಿ ಅಂಗೈಗೂ ಹತ್ತುತ್ತದೆ. ವರ್ಷ ಕಳೆದಂತೆ ಜೇನಿನ ಬಣ್ಣ, ಆಮೇಲೆ ಕಂದು. ಚೇಗನ್ನು, ಅಂದರೆ ಒಳಗಿನ ಗಟ್ಟಿ ತಿರುಳನ್ನು, ಗೆದ್ದಲು ಅಷ್ಟು ಸುಲಭಕ್ಕೆ ಮುಟ್ಟಲ್ಲ. ಒಂದೇ ತೊಂದರೆ, ಎಳೆ ಅಲ್ಲಲ್ಲಿ ಹೆಣೆದುಕೊಂಡಿರುತ್ತದೆ. ಮರ ನಯ ಮಾಡಲು ತೋಪಡ ಹೊಡೆಯುವಾಗ ಒಂದು ಕಡೆ ರೇಷ್ಮೆಯ ಹಾಗೆ ಬರುತ್ತದೆ, ನಾಲ್ಕು ಬೆರಳು ಮುಂದೆ ಹೋದರೆ ಕಿತ್ತುಕೊಂಡು ಏಳುತ್ತದೆ. ಉಳಿಯ ಹರಿತ ಚೆನ್ನಾಗಿರಬೇಕು, ತಾಳ್ಮೆಯೂ.

ಶ್ರೀನಿವಾಸಪುರದ ಕಡೆ ಹಳೇ ಮಾವಿನ ತೋಟ ಕಡಿದಾಗ ಮರ ಅಗ್ಗಕ್ಕೆ ಸಿಗುತ್ತದೆ. ನೋಡೋಕೂ ಚೆಂದ. ಆದರೆ ಕುಟ್ಟೆ ಹುಳುವಿಗೆ ಮಾವು ಅಂದರೆ ಹಬ್ಬ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸದೆ ಮುಟ್ಟಬೇಡಿ. ಹುಣಸೆ ಕಲ್ಲಿನಂಥ ಮರ, ಕೊಡತಿಗೆ, ಗಾಣಕ್ಕೆ ಅದೇ ಸರಿ. ತಿಪಟೂರು ಕಡೆಯವರು ತೆಂಗಿನ ಮರದ ಬಗ್ಗೆ ಕೇಳುತ್ತಾರೆ. ಅದರ ಹೊರಗಿನ ಸುತ್ತು ಕಬ್ಬಿಣ, ಒಳಗೆ ಬೆಂಡು. ತೊಲೆಗೆ, ಕಂಬಕ್ಕೆ ಚೆನ್ನ. ಸಣ್ಣ ಸಂದು ಕೊರೆಯಲು ನನಗೆ ಧೈರ್ಯವಿಲ್ಲ. ಸ್ವಂತ ಹೊಲದ ಮರವಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ಒಂದು ಮಾತು ಕೇಳಿಬಿಡಿ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ.

ನಮ್ಮ ತೋಟದ ಹಲಸು ಗಾಳಿಗೆ ಉರುಳಿತ್ತು. ಸಾಮಿಲ್‌ಗೆ ಹಾಕಿ ಒಂದು, ಒಂದೂವರೆ ಇಂಚಿನ ಹಲಗೆ ಕೊಯ್ಸಿದೆವು. ಕೊಯ್ಸಿದ ಕೂಡಲೇ ಕುರ್ಚಿ ಮಾಡಿಸೋಣ ಅಂತ ನನ್ನ ಆಸೆ. ಆಚಾರಿ ನಕ್ಕರು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ನೆರಳು, ಇದು ಹಳೇ ಲೆಕ್ಕ. ಹಲಗೆಗಳ ನಡುವೆ ತೆಳು ಮರದ ರೀಪರ್ ಕೊಟ್ಟು, ಗಾಳಿ ಆಡುವ ಹಾಗೆ ಪೇರಿಸಿ, ತುದಿಗಳಿಗೆ ಬಣ್ಣ ಬಳಿದೆವು. ನೀರು ತುದಿಯಿಂದ ಬೇಗ ಆರುತ್ತದೆ, ಬಣ್ಣ ಬಳಿಯದಿದ್ದರೆ ತುದಿ ಸೀಳುತ್ತದೆ. ಅಮಾವಾಸ್ಯೆ ಹತ್ತಿರ ಕಡಿದ ಮರಕ್ಕೆ ಕುಟ್ಟೆ ಹಿಡಿಯಲ್ಲ ಅನ್ನುವ ಮಾತೂ ಬಂತು. ಗಾಳಿ ಪಂಚಾಂಗ ನೋಡಿ ಬೀಳಿಸಿರಲಿಲ್ಲ. ಕುಟ್ಟೆಗೆ ಬೇಕಾದ್ದು ಚೇಗಿನ ಸುತ್ತಿನ ಬಿಳಿಭಾಗದಲ್ಲಿರುವ ಗಂಜಿ. ನಾವು ಬಿಳಿಯನ್ನು ಪೂರ್ತಿ ಕೊಯ್ದು ಒಲೆಗೆ ಹಾಕಿದೆವು.

ಒಣಗಿದೆ ಅಂತ ಗೊತ್ತಾಗುವುದು ಹೇಗೆ? ಮೀಟರ್ ಇದ್ದರೆ ತೇವ ಶೇಕಡಾ 10–12 ತೋರಿಸಬೇಕು. ನಮ್ಮ ಹತ್ತಿರ ಇದ್ದದ್ದು ದಿನಸಿ ಅಂಗಡಿಯ ತಕ್ಕಡಿ. ಒಂದು ತುಂಡಿಗೆ ಗುರುತು ಹಾಕಿ ಹದಿನೈದು ದಿನಕ್ಕೊಮ್ಮೆ ತೂಗುತ್ತಿದ್ದೆ. ಮೊದಲು ಪ್ರತಿ ಸಲವೂ ಇಳಿಯುತ್ತಿತ್ತು. ಒಂದೂವರೆ ವರ್ಷಕ್ಕೆ ಇಳಿಯುವುದು ನಿಂತಿತು. ಅಂಗಡಿಯವರು ಅಷ್ಟರಲ್ಲಿ ನನ್ನನ್ನು 'ಮರದ ಮೇಷ್ಟ್ರು' ಅಂತ ಕರೆಯಲು ಶುರು ಮಾಡಿದ್ದರು.

ಇಷ್ಟು ಕಾಯುವುದು ಯಾಕೆ ಅಂದರೆ, ಮರ ಸತ್ತ ಮೇಲೂ ಉಸಿರಾಡುತ್ತದೆ. ಒಂದು ಕಟ್ಟು ಪೊರಕೆ ಕಡ್ಡಿ ನೀರಲ್ಲಿ ನೆನೆಸಿ. ಕಟ್ಟು ದಪ್ಪವಾಗುತ್ತದೆ, ಉದ್ದವಾಗುವುದಿಲ್ಲ. ಮರವೂ ಹಾಗೆಯೇ. ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗದು, ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಸಿ ಮರದಲ್ಲಿ ಗುಂಡಗೆ ಕೊರೆದ ತೂತು ಒಣಗಿದ ಮೇಲೆ ಮೊಟ್ಟೆಯಾಕಾರ ಆಗುತ್ತದೆ. ಅದರೊಳಗಿನ ಗುಂಡು ಕಡ್ಡಿ ಸಡಿಲ. ನಮ್ಮ ಅಂಗಡಿ ಕುರ್ಚಿಯ ಕಥೆ ಇದೇ. ಇನ್ನೊಂದು ಕಾರಣವೂ ಇತ್ತು. ಅಂಟು ಹಿಡಿಯುವುದು ಎಳೆಯ ಮೈಗೆ, ಎಳೆ ಕತ್ತರಿಸಿದ ತುದಿಗಲ್ಲ. ಗುಂಡು ತೂತಿನ ಒಳಗೋಡೆಯಲ್ಲಿ ಅರ್ಧಕ್ಕರ್ಧ ತುದಿಯೇ ಇರುತ್ತದೆ. ಫೆವಿಕಾಲ್ ಎಷ್ಟು ಸುರಿದರೂ ಅದು ಅಲ್ಲಿ ಹಿಡಿಯುವುದು ಅಷ್ಟಕ್ಕಷ್ಟೆ.

ಅದಕ್ಕೇ ಹಳೇ ಬಡಗಿಗಳು ಗಂಡು-ಹೆಣ್ಣು ಜೋಡಣೆ ಬಿಡುವುದಿಲ್ಲ. ಇಂಗ್ಲಿಷಿನವರ ಮಾರ್ಟಿಸ್-ಟೆನನ್ ಇದೇ. ಪಟ್ಟಿಯ ತುದಿಯನ್ನು ಚಪ್ಪಟೆ ನಾಲಿಗೆಯ ಹಾಗೆ ಇಳಿಸಿ, ಕಾಲಿನಲ್ಲಿ ಅದೇ ಅಳತೆಯ ಗುಳಿ ಕೊರೆದು ಕೂರಿಸುವುದು. ಎರಡು ಅಗಲವಾದ ಕೆನ್ನೆಗಳಲ್ಲಿ ಎಳೆಗೆ ಎಳೆ ತಾಗುತ್ತದೆ, ಅಂಟಿಗೆ ಜಾಗ ಸಿಗುತ್ತದೆ. ನಮ್ಮ ಪಟ್ಟಿ ಒಂದು ಇಂಚು ದಪ್ಪ. ನಾಲಿಗೆ ಅದರ ಮೂರನೇ ಒಂದು ಭಾಗದ ಆಸುಪಾಸು, ಮೂರು ಅಷ್ಟಮಾಂಶ ಇಂಚು, ಅಂದರೆ ಉಳಿಯ ಅಗಲಕ್ಕೆ ಸರಿಯಾಗಿ. ಉದ್ದ ಒಂದೂಕಾಲು ಇಂಚು.

ಇಲ್ಲೇ ಕುರ್ಚಿ ಕೈಕೊಡುವುದು. ಸೀಟು ಮುಂದೆ 20, ಹಿಂದೆ 16 ಅಂದೆನಲ್ಲ. ಅಂದರೆ ಪಕ್ಕದ ಪಟ್ಟಿ 16 ಇಂಚು ಹಿಂದಕ್ಕೆ ಹೋಗುವಾಗ 2 ಇಂಚು ಒಳಕ್ಕೆ ಸರಿಯುತ್ತದೆ. ಸುಮಾರು 7 ಡಿಗ್ರಿ. ಜೊತೆಗೆ ಸೀಟಿನ ಇಳಿಜಾರು ಬೇರೆ. ಮೂಲೆಮಟ್ಟ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆಚಾರಿ ಕಾಗದ ಮುಟ್ಟಲಿಲ್ಲ. ಸಿಮೆಂಟ್ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದಲ್ಲಿ ಕುರ್ಚಿಯ ಮೇಲ್ನೋಟವನ್ನು ನಿಜವಾದ ಅಳತೆಗೇ ಬರೆದರು. ಅದರ ಮೇಲೆ ಕೋನ ಹಿಡಿಯುವ ಬೆವೆಲ್ ಇಟ್ಟು, ಸ್ಕ್ರೂ ಬಿಗಿ ಮಾಡಿ, ಆ ಕೋನವನ್ನು ನೇರ ಮರಕ್ಕೆ ದಾಟಿಸಿದರು. ಡಿಗ್ರಿ ಲೆಕ್ಕ ನಾನು ಮನೆಗೆ ಬಂದು ಹಾಕಿದ್ದು. ಅವರಿಗೆ ಅದು ಬೇಕೇ ಆಗಲಿಲ್ಲ.

ಗುಳಿ ನೇರ, ನಾಲಿಗೆ ಓರೆ. ಇದು ಅವರ ಕ್ರಮ. ಓರೆ ಗುಳಿ ಕೊರೆಯುವುದು ಕಷ್ಟ, ನಾಲಿಗೆಯನ್ನು ಓರೆಯಾಗಿ ಇಳಿಸುವುದು ಅದಕ್ಕಿಂತ ಸುಲಭ. ಆದರೆ ಓರೆ ಜಾಸ್ತಿಯಾದರೆ ನಾಲಿಗೆಯ ಎಳೆ ಅಡ್ಡಕ್ಕೆ ಕತ್ತರಿಸಿ ಹೋಗಿ ಶಕ್ತಿ ಕಳೆಯುತ್ತದೆ. 7 ಡಿಗ್ರಿಗೆ ಪರವಾಗಿಲ್ಲ. ಹಿಂಗಾಲಿನ ಒಳಗೆ ಪಕ್ಕದ ಪಟ್ಟಿಯ ನಾಲಿಗೆ, ಹಿಂದಿನ ಪಟ್ಟಿಯ ನಾಲಿಗೆ ಎರಡೂ ಬಂದು ಡಿಕ್ಕಿ ಹೊಡೆಯುತ್ತವೆ. ಎರಡರ ತುದಿಯನ್ನೂ ಓರೆಯಾಗಿ ಕತ್ತರಿಸಿ ಒಂದಕ್ಕೊಂದು ಒರಗುವ ಹಾಗೆ ಮಾಡಿದರು. ನಾಲಿಗೆ ಕೈಯಲ್ಲಿ ಒತ್ತಿದರೆ ಅರ್ಧ ಇಳಿಯಬೇಕು, ಕೊಡತಿಯಲ್ಲಿ ಮೆಲ್ಲಗೆ ತಟ್ಟಿದರೆ ಪೂರ್ತಿ. ಬಡಿದು ಇಳಿಸಬೇಕಾಯಿತು ಅಂದರೆ ಕಾಲು ಸೀಳುತ್ತದೆ, ಅಂಟೂ ಹೊರಗೆ ಬಂದುಬಿಡುತ್ತದೆ.

ನನಗೆ ಅತಿ ಇಷ್ಟವಾದ ಕೆಲಸ ಅದರ ನಂತರದ್ದು. ಕಾಲಿನಲ್ಲಿ ಗುಳಿಗೆ ಅಡ್ಡವಾಗಿ ಒಂದು ಸಣ್ಣ ತೂತು ಕೊರೆದರು. ನಾಲಿಗೆಯನ್ನು ಕೂರಿಸಿ, ತೂತಿನ ಗುರುತನ್ನು ಅದರ ಮೇಲೆ ಒತ್ತಿ, ಹೊರಗೆ ತೆಗೆದರು. ಗುರುತು ಇದ್ದಲ್ಲಿಯೇ ಕೊರೆಯಲಿಲ್ಲ. ಪಟ್ಟಿಯ ಹೆಗಲಿನ ಕಡೆಗೆ, ಅಂದರೆ ನಾಲಿಗೆ ಶುರುವಾಗುವ ಕಡೆಗೆ, ಒಂದೂವರೆ ಮಿಲಿಮೀಟರ್ ಸರಿಸಿ ಕೊರೆದರು. ಅಂಟು ಹಚ್ಚಿ ಮತ್ತೆ ಕೂರಿಸಿ, ತುದಿ ಚೂಪು ಮಾಡಿದ ಬಿದಿರಿನ ಮೊಳೆ ಹೊಡೆದರು. ತೂತುಗಳು ಒಂದೇ ನೇರದಲ್ಲಿಲ್ಲ, ಮೊಳೆ ನುಗ್ಗಿಕೊಂಡು ಹೋಗುವಾಗ ನಾಲಿಗೆಯನ್ನು ಒಳಕ್ಕೆ ಎಳೆಯುತ್ತದೆ. ಸಂದಿನಲ್ಲಿ ಕಿರ್ರ್ ಅಂತ ಒಂದು ಸದ್ದು. ಕೂದಲೆಳೆಯಷ್ಟಿದ್ದ ಬಿರುಕು ಕಣ್ಣೆದುರಿಗೇ ಮುಚ್ಚಿತು. ನಾಳೆ ಅಂಟು ಸತ್ತರೂ ಈ ಮೊಳೆ ಬಿಡುವುದಿಲ್ಲ.

ಹಿಂಗಾಲಿನ ಆಕಾರದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅದು ನೇರ ಕೋಲಲ್ಲ. ಸೀಟಿನ ಮೇಲೆ ಹಿಂದಕ್ಕೆ ವಾಲುತ್ತದೆ, ಸೀಟಿನ ಕೆಳಗೂ ಹಿಂದಕ್ಕೇ ಚಾಚುತ್ತದೆ. ಕೆಳಗೆ ಯಾಕೆ? ಒರಗಿದವರ ಭಾರ ಹಿಂಗಾಲಿನ ಪಾದವನ್ನು ದಾಟಿದರೆ ಕುರ್ಚಿ ಪಲ್ಟಿ, ಅದಕ್ಕೆ ಪಾದವನ್ನೇ ಹಿಂದಕ್ಕೆ ಇಡುವುದು. ಸಂದು ಇರುವ ಮೂರು ಇಂಚು ಜಾಗ ಮಾತ್ರ ನೇರ. 38 ಇಂಚು ಉದ್ದ, 6 ಇಂಚು ಅಗಲದ ಹಲಗೆಯಲ್ಲಿ ಎರಡು ಕಾಲುಗಳನ್ನು ಒಂದರ ಮಡಿಲಲ್ಲಿ ಇನ್ನೊಂದು ಮಲಗಿದ ಹಾಗೆ ಬರೆದು ಕೊಯ್ಯುತ್ತಾರೆ. ಹಲಗೆಯ ಎಳೆ ಕಾಲಿನ ಉದ್ದಕ್ಕೆ ಹರಿಯಬೇಕು. ಬಾಗಿನಲ್ಲಿ ಎಳೆ ಅಡ್ಡಡ್ಡ ಹೋಯಿತೋ, ನಿಪ್ಪಟ್ಟಿನ ಹಾಗೆ ಪಟ್ ಅಂತ ಮುರಿಯುತ್ತದೆ. ನಾನು ಬಣ್ಣ ಚೆನ್ನಾಗಿದೆ ಅಂತ ಆರಿಸಿಕೊಟ್ಟ ಹಲಗೆಯನ್ನು ಆಚಾರಿ ಪಕ್ಕಕ್ಕೆ ಎಸೆದರು. ಅದು ಸೀಟಾಯಿತು.

ಸೀಟಿನಲ್ಲೂ ಒಂದು ಹುಷಾರು ಬೇಕು. 16–17 ಇಂಚಿನ ಹಲಗೆ ತೇಗದ್ದೇ ಆದರೂ ಬೇಸಿಗೆಗೂ ಮಳೆಗಾಲಕ್ಕೂ ಎರಡು-ಮೂರು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ನಾಲ್ಕು ಕಡೆ ಅಂಟು ಹಾಕಿ ಕಟ್ಟಿಹಾಕಿದರೆ ಒಂದೋ ಹಲಗೆ ಸೀಳುತ್ತದೆ, ಇಲ್ಲವೇ ಹಿಗ್ಗುವಾಗ ಹಿಂಗಾಲಿನ ಸಂದನ್ನೇ ತಳ್ಳುತ್ತದೆ. ಅದಕ್ಕೆ ಕೆಳಗಿನಿಂದ ಸ್ಕ್ರೂ ಹಾಕಿ, ತೂತನ್ನು ಗುಂಡಗೆ ಮಾಡದೆ ಉದ್ದಕ್ಕೆ ಸೀಳಿಡುತ್ತಾರೆ. ಸ್ಕ್ರೂ ಅದರೊಳಗೆ ಜಾರಾಡಿಕೊಂಡಿರುತ್ತದೆ. ಬೆತ್ತದ ಸೀಟಿಗೆ ಈ ತಲೆನೋವಿಲ್ಲ, ಹಗುರವೂ ಹೌದು. ಆದರೆ ಚಕ್ಕಳಮಕ್ಕಳ ಕೂರುವವರ ಮೊಣಕಾಲು ಬೆತ್ತವನ್ನು ಬೇಗ ಸವೆಸುತ್ತದೆ.

ಮೂಲೆಗಳಿಗೆ ಒಳಗಿನಿಂದ ಒಂದೊಂದು ತ್ರಿಕೋನದ ತುಂಡು. ಮೇಲೆ ಮೂರು ಕೈ ಅಗಸೆ ಎಣ್ಣೆ, ಆಮೇಲೆ ಮೇಣ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಉಂಡೆಯೊಳಗೆ ಆ ಬಿಸಿ ಸೇರಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಹಗ್ಗದ ಮೇಲೆ ಒಣಗಲು ಹಾಕಿ.

ಒಂದು ಕುರ್ಚಿಗೆ ಮರ ಎಷ್ಟು ಹಿಡಿಯಿತು ಅಂತ ಕೇಳುವವರಿಗೆ: ಹಲಗೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಘನ ಅಡಿ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಪುಡಿ, ಚೂರು, ಒಲೆಯ ಪಾಲು. ಕೆಲಸ ಆರು ದಿನ. ಎರಡನೆಯದು ನಾಲ್ಕೇ ದಿನಕ್ಕೆ ಆಗುತ್ತದೆ ಅಂದಿದ್ದಾರೆ, ಅಚ್ಚುಗಳೆಲ್ಲ ಈಗ ಇವೆಯಲ್ಲ.

ಆಚಾರಿಯ ಅಂಗಳದ ಕಲ್ಲುಚಪ್ಪಡಿಯ ಮೇಲೆ ಕುರ್ಚಿ ನಾಲ್ಕೂ ಕಾಲೂರಿ ನಿಂತಿತ್ತು. ಮನೆಗೆ ತಂದು ಟೇಬಲ್ ಪಕ್ಕ ಇಟ್ಟರೆ ಟಕ್ ಟಕ್ ಅಂತ ಅಲ್ಲಾಡಿತು. ನನ್ನ ಎದೆ ಧಸಕ್ ಅಂತು. ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ. "ಯಾವ ಕಾಲು ಎದ್ದಿದೆ ನೋಡಿ. ಕುರ್ಚಿಯನ್ನು ಅದೇ ಜಾಗದಲ್ಲಿ ಕಾಲುಸುತ್ತು ತಿರುಗಿಸಿ. ಅದೇ ಕಾಲು ಎದ್ದರೆ ನನ್ನ ತಪ್ಪು, ಗರಗಸ ತಗೊಂಡು ಬರ್ತೀನಿ. ಬೇರೆ ಕಾಲು ಎದ್ದರೆ ನೆಲದ ತಪ್ಪು" ಅಂದರು.

ತಿರುಗಿಸಿದೆ. ಬೇರೆ ಕಾಲು ಎದ್ದಿತು. ನಮ್ಮದು ತಾತನ ಕಾಲದ ರೆಡ್ ಆಕ್ಸೈಡ್ ನೆಲ, ನಡುವೆ ಸ್ವಲ್ಪ ಕುಸಿದಿದೆ. ಅಮ್ಮ ಕುರ್ಚಿಯನ್ನು ಕಿಟಕಿಯ ಕಡೆಗೆ ಒಂದು ಮೊಳ ಎಳೆದರು, ಕೂತರು, ಎರಡು ಕಾಲನ್ನೂ ಮೇಲೆ ಮಡಚಿಕೊಂಡು ಅವರೆಕಾಯಿ ಸುಲಿಯಲು ಶುರು ಮಾಡಿದರು. ಟೇಬಲನ್ನು ಈಗ ಅಲ್ಲಿಗೇ ಸರಿಸಿದ್ದೇವೆ.